ಬೆಳಕಿಂಡಿ ಇಲ್ಲದ ಮನೆ

ದಾವಣಗೆರೆಯವರಿಗೆ ಬೆಂಕಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಸೌದೆ ಒಲೆಯ ಮೇಲೆ ಕಾವಲಿ ಕಾದು ಬೆಣ್ಣೆದೋಸೆಯ ಪರಿಮಳ ಬೀದಿಗೆ ಹರಿಯುವ ಊರು ಅದು. ಮಂಡಕ್ಕಿ ಭಟ್ಟಿಗಳ ಹೆಸರಿನಲ್ಲಿಯೇ ಒಂದು ಬಡಾವಣೆಯನ್ನು ಇಟ್ಟುಕೊಂಡಿರುವ ಊರು. ಆದರೆ ಈ ಬೆಂಕಿಯೆಲ್ಲ ಹೊಟ್ಟೆಯ ಸಲುವಾಗಿ ಉರಿಯುವ ಬೆಂಕಿ. ಮೈ ಕಾಯಿಸಿಕೊಳ್ಳುವುದಕ್ಕೆಂದು ಕೋಣೆಯೊಳಗೆ ಬೆಂಕಿಯಿಡುವ ಪ್ರಸಂಗ ಬಯಲುಸೀಮೆಯ ಈ ನಗರದಲ್ಲಿ ಬಲು ಅಪರೂಪ. ಧನುರ್ಮಾಸದ ನಸುಕಿನಲ್ಲಿಯೂ ಒಂದು ಕಂಬಳಿ, ಒಂದು ಲೋಟ ಬಿಸಿ ಕಾಫಿ ಇದ್ದರೆ ಚಳಿಯ ಲೆಕ್ಕ ಚುಕ್ತಾ.

ಇದಕ್ಕೊಂದು ಅಪವಾದವಿತ್ತು, ಅದು ಬಾಣಂತಿಯ ಕೋಣೆ. ಮಂಚದ ಮಗ್ಗುಲಿಗೆ ಅಗ್ಗಿಷ್ಟಿಕೆ, ಅದರಲ್ಲಿ ಬೂದಿ ಮುಚ್ಚಿದ ಕೆಂಡ, ಆಗೀಗ ಅದರ ಮೇಲೊಂದು ಚಿಟಿಕೆ ಸಾಂಬ್ರಾಣಿ. ಬಾಗಿಲಿಗೆ ಪರದೆ, ಕಿಟಕಿಗೆ ಹಳೆಯ ಸೀರೆ. ಥಂಡಿ ತಾಗಬಾರದು, ಗಾಳಿ ಸೋಕಬಾರದು. ತಲೆಮಾರುಗಳ ತಾಯಂದಿರು ಹೀಗೆಯೇ ಮಲಗಿದರು, ಮಕ್ಕಳು ಹೀಗೆಯೇ ಬೆಳೆದವು. ಆದುದರಿಂದ ಮುಚ್ಚಿದ ಕೋಣೆಯ ಬೆಂಕಿ ಕೇಡು ತರುತ್ತದೆಂದು ಯಾರಾದರೂ ಹೇಳಿದರೆ ಮನೆಯ ಹಿರಿಯ ಹೆಂಗಸರಿಗೆ ನಗು ಬರುವುದು ಸಹಜ.

ಪಿ. ಜೆ. ಬಡಾವಣೆಯ ಒಂದು ಮನೆಯಲ್ಲಿ ಈ ನಗು ಈಚೆಗೆ ವಾದವಾಗಿ ಬೆಳೆಯಿತು. ಮನೆಯ ಯಜಮಾನರು ಜವಳಿ ವ್ಯಾಪಾರಿಗಳು. ಹೆಂಡತಿ, ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ತಾಯಿ, ಇಷ್ಟು ಜನರನ್ನೂ ಡಿಸೆಂಬರಿನಲ್ಲಿ ಮನಾಲಿಗೆ ಕರೆದೊಯ್ದು ಹಿಮ ತೋರಿಸಬೇಕೆಂಬುದು ಅವರ ಬಹುದಿನದ ಹಂಬಲ. ಅದಕ್ಕಾಗಿ ಹಳೆಯ ವ್ಯಾನೊಂದನ್ನು ಕೊಂಡು, ಸಾರಿಗೆ ಕಚೇರಿಯ ಅನುಮತಿ ಪಡೆದು, ಮಲಗುವ ಮಂಚ, ಅಡಿಗೆಯ ಕಟ್ಟೆ, ನೀರಿನ ತೊಟ್ಟಿ ಎಲ್ಲವೂ ಒಳಗೇ ಇರುವಂತೆ ಅದನ್ನು ಗಾಲಿಯ ಮೇಲಿನ ಮನೆಯನ್ನಾಗಿ ಮಾಡಿಸಿದರು. ಬಡಗಿಯೂ ಉತ್ಸಾಹಿ. ಬಾಗಿಲು ಕಿಟಕಿಗಳ ಸಂದುಗಳಿಗೆಲ್ಲ ರಬ್ಬರಿನ ಪಟ್ಟಿ ಬಡಿದು, ಸೊಳ್ಳೆಯೂ ನುಸುಳಲಾರದೆಂದು ಎದೆ ತಟ್ಟಿ ಹೇಳಿದನು. ಚಳಿಗೆ ಮದ್ದಾಗಿ ಒಂದು ಗ್ಯಾಸ್ ಹೀಟರೂ ಬಂದಿತು: ಬೆನ್ನಿನಲ್ಲಿ ಸಿಲಿಂಡರು, ಮುಂದೆ ಕೆಂಪಗೆ ಹೊಳೆಯುವ ಬಿಲ್ಲೆಗಳು.

ಗಾಡಿಯನ್ನು ಮಾವನವರಿಗೆ ತೋರಿಸಲೆಂದು ಒಂದು ಭಾನುವಾರ ಎಲ್ಲರೂ ಹರಿಹರಕ್ಕೆ ಹೋದರು. ಮಾವನವರು 1941ರಲ್ಲಿ ಆ ಊರಿನಲ್ಲಿ ಆರಂಭವಾಗಿ, ಲೇತ್ ಯಂತ್ರಗಳಿಗೆ ಹೆಸರಾಗಿ, ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದವರು. ಯಂತ್ರವನ್ನು ಕಂಡರೆ ಮೊದಲು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕುವುದು ಅವರ ಅಭ್ಯಾಸ. ಪ್ರದಕ್ಷಿಣೆ ಮುಗಿಸಿ ಕೇಳಿದರು:

“ಗಾಡಿ ಚೆನ್ನಾಗಿದೆ, ಅಳಿಯಂದಿರೇ. ಉಸಿರಾಡುವುದಕ್ಕೆ ಕಿಂಡಿ ಎಲ್ಲಿ ಬಿಟ್ಟಿದ್ದೀರಿ?”

“ಚಳಿಯ ಸೀಮೆಗೆ ಹೋಗುವ ಗಾಡಿಗೆ ಕಿಂಡಿಯೇ, ಮಾವ?”

ತಾಯಿಯವರು ಮಗನ ಪಕ್ಷ ವಹಿಸಿದರು. “ಮೂರು ಬಾಣಂತನ ಅಗ್ಗಿಷ್ಟಿಕೆಯ ಪಕ್ಕದಲ್ಲೇ ಕಳೆದವಳು ನಾನು, ಬೀಗರೇ. ನನಗೇನಾಯಿತು? ಮಕ್ಕಳಿಗೇನಾಯಿತು?”

“ನಿಮ್ಮ ತವರುಮನೆ ಹೆಂಚಿನದೋ, ತಾರಸಿಯದೋ, ಅಕ್ಕನವರೇ?”

“ಹೆಂಚಿನದು. ನಡುವೆ ದೊಡ್ಡ ಬೆಳಕಿಂಡಿ.”

“ಹಾಗಾದರೆ ನಿಮ್ಮನ್ನು ಕಾಯ್ದದ್ದು ಆ ಬೆಳಕಿಂಡಿ.”

ಮಾತು ಅಲ್ಲಿಗೆ ನಿಲ್ಲಬಹುದಿತ್ತು. ಬೀಗರ ನಡುವಿನ ವಾದ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಆದರೆ ಅವರ ಮಾತಿನಲ್ಲಿ ತಿರುಳಿತ್ತು. ಹಳೆಯ ಮನೆಗೆ ಕಿಟಕಿ ಮುಚ್ಚಿದರೂ ಉಸಿರು ನಿಲ್ಲುತ್ತಿರಲಿಲ್ಲ. ಹೆಂಚಿನ ಸಂದುಗಳು, ಬಾಗಿಲಿನ ಬಿರುಕುಗಳು, ತಲೆಯ ಮೇಲಿನ ಕಿಂಡಿ, ಇವುಗಳ ಮೂಲಕ ಕೆಟ್ಟ ಗಾಳಿ ಹೊರಗೆ ಹೋಗಿ ಒಳ್ಳೆಯದು ಒಳಗೆ ಬರುತ್ತಿತ್ತು. ಹಾಗಿಲ್ಲದ ಮನೆಗಳೂ ಇದ್ದವು. ಬಾಣಂತಿಗೆ ಗಾಳಿ ಸೋಕಿತೆಂದು ಹೇಳಿ ಮುಗಿಸಿದ ಸಾವುಗಳಲ್ಲಿ ಗಾಳಿ ಸಾಲದೆ ಆದವೂ ಕೆಲವು ಇದ್ದಿರಬೇಕು.

ಬೆಂಕಿಯೂ ಮನುಷ್ಯನಂತೆ ಗಾಳಿಯನ್ನು ಉಂಡು ಬದುಕುವ ಪ್ರಾಣಿ. ಪ್ರೋಪೇನ್ ಮತ್ತು ಬ್ಯೂಟೇನ್ ಬೆರೆತ ನಮ್ಮ ಅಡಿಗೆ ಅನಿಲ ಒಂದು ಕಿಲೋ ಉರಿಯಲು ಸುಮಾರು 12 ಘನಮೀಟರ್ ಗಾಳಿ ಬೇಕು. ಆ ವ್ಯಾನಿನೊಳಗೆ ಹಿಡಿಯುವ ಗಾಳಿ ಒಟ್ಟು 10 ಘನಮೀಟರೂ ಇಲ್ಲ. ಅದರಲ್ಲಿ ಐದು ಜನ ಉಸಿರಾಡಲೂ ಬೇಕು. ಗಾಳಿ ಕಡಮೆಯಾದೊಡನೆ ಉರಿ ಆರಿಹೋದರೆ ಚಿಂತೆಯಿರಲಿಲ್ಲ. ಅದು ಆರುವುದಿಲ್ಲ, ಅರೆಹೊಟ್ಟೆಯಲ್ಲಿ ಉರಿಯತೊಡಗುತ್ತದೆ. ಆಗ ಹುಟ್ಟುವುದೇ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ಸಿಲಿಂಡರಿನ ಅನಿಲ ಸೋರಿದರೆ ಮೂಗಿಗೆ ತಿಳಿಯಲೆಂದು ಅದರಲ್ಲಿ ದುರ್ಗಂಧದ ವಸ್ತುವನ್ನು ಬೆರೆಸಿರುತ್ತಾರೆ. ಈ ವಿಷಕ್ಕೆ ಅಂಥ ಉಪಕಾರವನ್ನು ಯಾರೂ ಮಾಡಲಾರರು. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಮಿಗಿಲಾದ ಬಲದಿಂದ ಅಂಟಿಕೊಂಡು, ಅದರ ಜಾಗವನ್ನು ಕಬಳಿಸುತ್ತದೆ. ಮೊದಲು ತಲೆನೋವು, ಆಮೇಲೆ ಓಕರಿಕೆ, ಮಂಪರು. ಬೆಟ್ಟದ ದಾರಿಯಲ್ಲಿ ಇವನ್ನು ಪ್ರಯಾಣದ ಆಯಾಸವೆಂದೋ, ಎತ್ತರದ ತೊಂದರೆಯೆಂದೋ ತಿಳಿದು, “ಸ್ವಲ್ಪ ಮಲಗಿದರೆ ಸರಿಹೋಗುತ್ತದೆ” ಎನ್ನದವರು ಯಾರು? ಆ ಮಲಗುವುದೇ ಅಪಾಯ.

2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬ ಗಿರಿಧಾಮದಲ್ಲಿ ನಡೆದದ್ದು ಇದೇ. ಕೇರಳದಿಂದ ಹೋಗಿದ್ದ ಎಂಟು ಜನ ಪ್ರವಾಸಿಗಳು, ಅವರಲ್ಲಿ ನಾಲ್ವರು ಮಕ್ಕಳು, ಬಾಗಿಲು ಭದ್ರಪಡಿಸಿ ಗ್ಯಾಸ್ ಹೀಟರು ಹಚ್ಚಿ ಮಲಗಿದರು, ಬೆಳಿಗ್ಗೆ ಏಳಲಿಲ್ಲ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆಯ ಬದಿಗೆ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಅಲ್ಲಿ ಹೀಟರಿರಲಿಲ್ಲ, ಜನರೇಟರಿನಿಂದ ಹೊರಟ ಇದೇ ಅನಿಲ ಗಾಡಿಯೊಳಗೆ ಸೇರಿಕೊಂಡಿತ್ತು.

ಇಷ್ಟನ್ನೂ ಕೇಳಿದ ಮೇಲೂ ತಾಯಿಯವರು, “ಅದು ಗ್ಯಾಸಿನ ದೋಷ, ಇದ್ದಿಲಿಗೆ ಆ ಗುಣವಿಲ್ಲ” ಎಂದರು. ಮಾವನವರು ಮಾತು ಬೆಳೆಸಲಿಲ್ಲ. ಅಟ್ಟದಿಂದ ಹಳೆಯ ಅಗ್ಗಿಷ್ಟಿಕೆಯನ್ನು ಇಳಿಸಿ, ಅಂಗಳದಲ್ಲಿ ಇದ್ದಿಲು ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡ ನಿಗಿನಿಗಿ ಎನ್ನುವವರೆಗೆ ಕಾದರು. ಆಮೇಲೆ ಅದನ್ನು ಬರಿದಾದ ವ್ಯಾನಿನೊಳಗೆ ಕಬ್ಬಿಣದ ತಗಡಿನ ಮೇಲಿಟ್ಟು, ಅಂಗೈಯಗಲದ ಬಿಳಿಯ ಪೆಟ್ಟಿಗೆಯೊಂದನ್ನು ಮಂಚದ ತಲೆದಿಂಬಿನ ಎತ್ತರಕ್ಕೆ ತೂಗುಹಾಕಿ, ಹೊರಗೆ ಬಂದು ಬಾಗಿಲು ಮುಚ್ಚಿದರು. ಒಳಗೆ ಕಾಲಿಡಕೂಡದೆಂದು ಮಕ್ಕಳಿಗೆ ಗದರಿಸಿದರು. ಎಲ್ಲರೂ ಗಾಜಿನ ಆಚೆಯಿಂದ ನೋಡುತ್ತ ನಿಂತರು. ಹೊಗೆಯಿಲ್ಲ, ಉರಿಯಿಲ್ಲ, ಕೆಂಡ ಮಾತ್ರ ಸೌಮ್ಯವಾಗಿ ಹೊಳೆಯುತ್ತಿತ್ತು. ಅಲ್ಲಿಯೇ ಹೋಗಿ ಮಲಗೋಣವೆನ್ನಿಸುವಂತಿತ್ತು. ಅರ್ಧ ಗಂಟೆಯೂ ಕಳೆದಿರಲಿಲ್ಲ. ಪೆಟ್ಟಿಗೆ ಕಿವಿ ಸೀಳುವಂತೆ ಚೀರತೊಡಗಿತು.

ತಾಯಿಯವರು ಒಂದು ಮಾತನ್ನೂ ಆಡಲಿಲ್ಲ. ಕಿರಿಯ ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಮಾವನವರು ಬಾಗಿಲುಗಳನ್ನೆಲ್ಲ ಹಾರುಹೊಡೆದು ದೂರ ನಿಂತು, ಬಹಳ ಹೊತ್ತಿನ ಮೇಲೆ ಅಗ್ಗಿಷ್ಟಿಕೆಯನ್ನು ಹೊರಗೆ ತೆಗೆದರು.

ಅಳಿಯಂದಿರು ಮರುದಿನವೇ ಹೀಟರನ್ನು ಅಂಗಡಿಗೆ ಹಿಂದಿರುಗಿಸಿದರು. ಅದಕ್ಕೆ ಬದಲಾಗಿ ತಂದದ್ದರಲ್ಲಿ ಉರಿಯ ಗೂಡು ಪೂರ್ತಿ ಮುಚ್ಚಿರುತ್ತದೆ. ಒಂದು ಕೊಳವೆ ಹೊರಗಿನಿಂದ ಗಾಳಿಯನ್ನು ಸೆಳೆದರೆ ಇನ್ನೊಂದು ಉರಿದ ಅನಿಲವನ್ನು ಹೊರಕ್ಕೇ ಬಿಡುತ್ತದೆ. ಒಳಗೆ ಬರುವುದು ಬರಿಯ ಬಿಸುಪು. ಬೆಲೆ ಹೆಚ್ಚು, ನಿಜ. ಮೊದಲಿನಂಥ ತೆರೆದ ಹೀಟರನ್ನೇ ಬಳಸಬೇಕಾಗಿ ಬಂದವರು ಎಚ್ಚರವಿದ್ದಷ್ಟು ಹೊತ್ತು, ಕಿಟಕಿಯನ್ನು ತುಸು ಸರಿಸಿ, ಮೇಲಿನ ಕಿಂಡಿಯನ್ನೂ ತೆರೆದು ಉರಿಸಿ, ನಿದ್ರೆಗೆ ಮೊದಲು ಆರಿಸಬೇಕು. ಆಮ್ಲಜನಕ ಕುಗ್ಗಿದರೆ ತಾನಾಗಿ ಆರುವ ವ್ಯವಸ್ಥೆ ಕೆಲವು ಹೀಟರುಗಳಲ್ಲಿದೆ. ಅದನ್ನು ನಂಬಿ ಮಲಗುವುದು ಜಾಣತನವಲ್ಲ. ಕಿಟಕಿಯ ಗಾಜು ಬೆವರಿದರೆ ಅದೂ ಒಂದು ಸೂಚನೆ. ಒಂದು ಕಿಲೋ ಅನಿಲ ಉರಿದರೆ ಒಂದೂವರೆ ಲೀಟರಿನಷ್ಟು ನೀರು ಆವಿಯಾಗಿ ಹೊರಡುತ್ತದೆ. ಆ ನೀರು ಒಳಗೇ ಉಳಿದಿದೆಯೆಂದರೆ ಉಳಿದದ್ದೂ ಒಳಗೇ ಇದೆ.

ಸಿಲಿಂಡರಿನ ವಿಷಯದಲ್ಲಿ ಮಾವನವರು ಇನ್ನಷ್ಟು ಕಟ್ಟುನಿಟ್ಟು. ಅಡಿಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದ ಮೇಲೆ ನೀರಿನಂತೆ ಹರಡಿ ಕಾಯುತ್ತದೆ. ಆದುದರಿಂದ ಸಿಲಿಂಡರಿಗೆ ಹೊರಬಾಗಿಲಿನ ಬೇರೆ ಗೂಡು, ಗೂಡಿನ ತಳದಲ್ಲಿ ಬೀದಿಗೆ ತೆರೆಯುವ ತೂತು. ಗಾಡಿ ಓಡುವಾಗ ತಿರುಪು ಮುಚ್ಚಿರಬೇಕು. ಕೊಳವೆಯ ಕೀಲುಗಳಿಗೆ ಸಾಬೂನಿನ ನೊರೆ ಸವರಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಕಡ್ಡಿ ಗೀರಿ ನೋಡುವ ಧೀರರು ಇಂದಿಗೂ ಇದ್ದಾರೆ! ಶೂನ್ಯ ಡಿಗ್ರಿಯ ಚಳಿಯಲ್ಲಿ ಬ್ಯೂಟೇನ್ ಆವಿಯಾಗಲು ಮುಷ್ಕರ ಹೂಡುತ್ತದೆ. ಪ್ರೋಪೇನಿಗೆ ಆ ಚಳಿ ಲೆಕ್ಕಕ್ಕಿಲ್ಲ. ಸಿಲಿಂಡರು ಮುನಿಸಿಕೊಂಡಿತೆಂದು ಅದನ್ನು ಒಳಗೆ ತಂದು ಹಾಸಿಗೆಯ ಪಕ್ಕದಲ್ಲಿಡುವುದಾಗಲಿ, ಬೆಂಕಿಗೆ ಹಿಡಿಯುವುದಾಗಲಿ ಕೂಡದು. ಹಿಮ ಬಿದ್ದ ಬೆಳಿಗ್ಗೆ ಹೊರಕೊಳವೆಯ ಬಾಯಿ ಮುಚ್ಚಿದೆಯೇ ಎಂದು ನೋಡುವ ಹೊಣೆಯನ್ನು ಹಿರಿಯ ಮೊಮ್ಮಗನಿಗೆ ವಹಿಸಲಾಯಿತು. ಅವನು ಅದನ್ನು ಒಂದು ಉದ್ಯೋಗವೆಂದೇ ಭಾವಿಸಿದ್ದಾನೆ.

ಬಡಗಿ ಮಾತ್ರ ಮನನೊಂದನು. ಅಷ್ಟು ಶ್ರಮದಿಂದ ಮುಚ್ಚಿದ ಗಾಡಿಗೆ ತಾನೇ ಗರಗಸ ಹಿಡಿದು ಛಾವಣಿಯಲ್ಲಿ ಒಂದು, ನೆಲದ ಸಮೀಪದಲ್ಲಿ ಒಂದು ಕಿಂಡಿ ಕೊರೆಯಬೇಕಾಯಿತು. ತಾಯಿಯವರು ಎದುರಿಗೆ ಕುರ್ಚಿ ಹಾಕಿಸಿಕೊಂಡು ಕುಳಿತು ಕೊರೆಸಿದರು. ಅವರ ಪಾಲಿನ ಸಾಮಾನಿನಲ್ಲಿ ಈಗ ಚಳ್ಳಕೆರೆಯ ಎರಡು ಕಂಬಳಿಗಳು, ಬಿಸಿನೀರಿನ ಒಂದು ರಬ್ಬರು ಚೀಲ. ರಾತ್ರಿ ಗಾಳಿ ಬೀಸುತ್ತದೆಂದು ಸೊಸೆ ಮೇಲಿನ ಕಿಂಡಿಗೆ ಒಂದು ಮುಚ್ಚಳ ಮಾಡಿಸೋಣವೇ ಎಂದು ಕೇಳಿದಾಗ, “ಬೇಡಮ್ಮಾ, ಅದು ಹಾಗೇ ಇರಲಿ, ಬೇಕಾದರೆ ನನ್ನ ಕಂಬಳಿ ಒಂದು ನೀನು ತೆಗೆದುಕೋ” ಎಂದರು.