ನುಡಿಯಲ್ಲಿ ಉಳಿದ ಹಿಮ

ಊರು ಬಿಟ್ಟು ಹೊರಡುವ ಮನುಷ್ಯನು ತನ್ನೊಡನೆ ಕೊಂಡೊಯ್ಯುವ ವಸ್ತುಗಳಲ್ಲಿ ಬಹುಭಾಗವು ದಾರಿಯಲ್ಲಿಯೇ ಸವೆದುಹೋಗುತ್ತದೆ. ಬುತ್ತಿ ಮೊದಲ ದಿನಗಳಲ್ಲಿಯೇ ತೀರುತ್ತದೆ, ಉಡಿಗೆ ಹರಿಯುತ್ತದೆ, ಆಯುಧ ಮುರಿಯುತ್ತದೆ, ಕೈಹಿಡಿದು ನಡೆಸಿದ ಹಿರಿಯರು ಒಬ್ಬೊಬ್ಬರಾಗಿ ದಾರಿಯ ಪಕ್ಕದಲ್ಲಿ ಮಣ್ಣಾಗುತ್ತಾರೆ. ನಾಲಗೆಯ ಮೇಲಿನ ಮಾತೊಂದೇ ಭಾರವಿಲ್ಲದ ಗಂಟು. ಅದನ್ನು ಹೊತ್ತವನಿಗೂ ಹೊತ್ತಿರುವೆನೆಂಬ ಅರಿವಿರುವುದಿಲ್ಲ. ಎಷ್ಟೋ ತಲೆಮಾರುಗಳ ಮೇಲೆ ಯಾರಾದರೂ ಆ ಗಂಟನ್ನು ಬಿಚ್ಚಿ ನೋಡಿದರೆ, ಬಿಟ್ಟುಬಂದ ನಾಡಿನ ಮಣ್ಣು ಅದರ ಮಡಿಕೆಗಳಲ್ಲಿ ಇನ್ನೂ ಅಂಟಿಕೊಂಡಿರುತ್ತದೆ. ಈ ಮಾತಿಗೆ ಅಮೆರಿಕಾ ಖಂಡದ ಅಥಪಾಸ್ಕನ್ ಜನಾಂಗದ ಕಥೆಗಿಂತ ಒಳ್ಳೆಯ ನಿದರ್ಶನ ದೊರೆಯುವುದು ದುರ್ಲಭ.

ಸಂಯುಕ್ತ ಸಂಸ್ಥಾನಗಳ ನೈರುತ್ಯಭಾಗದಲ್ಲಿ, ಅರಿಜೋನ, ನ್ಯೂ ಮೆಕ್ಸಿಕೋ, ಯೂಟಾ ಪ್ರಾಂತಗಳು ಕೂಡುವೆಡೆಯಲ್ಲಿ, ನವಾಹೊ ಜನರ ವಾಸ. ಕೆಂಪು ಬಂಡೆ, ಅಪರೂಪದ ಮಳೆ, ಜೋಳದ ಹೊಲ, ಕುರಿಯ ಹಿಂಡು: ಇದು ಅವರ ನಾಡು. ನವಾಹೊ ಎಂಬುದು ಅನ್ಯರಿಟ್ಟ ಹೆಸರು. ಅವರು ತಮ್ಮನ್ನು ಕರೆದುಕೊಳ್ಳುವುದು ‘ದಿನೇ’ ಎಂದು. ಆ ಶಬ್ದಕ್ಕೆ ‘ಜನರು’ ಎಂದರ್ಥ. ಅಲ್ಲಿಂದ ಉತ್ತರಕ್ಕೆ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಕೆನಡಾ ದೇಶದ ವಾಯವ್ಯದ ಹಿಮಾವೃತವಾದ ಕಾಡುಗಳಲ್ಲಿ, ಮೀನು ಹಿಡಿದು ಸಾರಂಗದ ಜಾತಿಯ ಮೃಗಗಳನ್ನು ಬೇಟೆಯಾಡಿ ಬಾಳಿಬಂದ ಜನರೂ ತಮ್ಮನ್ನು ‘ದೆನೆ’ ಎಂದೇ ಕರೆದುಕೊಳ್ಳುತ್ತಾರೆ. ನಡುವಣ ವಿಶಾಲವಾದ ಬಯಲಿನಲ್ಲಿ ಬೇರೆ ಬೇರೆ ನುಡಿಗಳ ಜನರು ತುಂಬಿದ್ದರು. ೧೮೩೬ರಲ್ಲಿ ಆಲ್ಬರ್ಟ್ ಗ್ಯಾಲಟಿನ್ ಎಂಬ ವಿದ್ವಾಂಸನು ಉತ್ತರದ ನುಡಿಗಳ ಬಳಗಕ್ಕೆ ಅಥಾಬಾಸ್ಕಾ ಸರೋವರದ ಹೆಸರನ್ನಿಟ್ಟನು. ಅದೂ ನೆರೆಯ ಕ್ರೀ ಜನರ ಮಾತು, ಆ ಜನರದಲ್ಲ. ಕಾಲಕ್ರಮದಲ್ಲಿ ಅಲಾಸ್ಕಾದ ಒಳನಾಡಿನ ನುಡಿಗಳೂ, ಕ್ಯಾಲಿಫೋರ್ನಿಯಾದ ಹೂಪ ನುಡಿಯೂ, ನವಾಹೊ ಮತ್ತು ಅಪಾಚೆ ನುಡಿಗಳೂ ಅದೇ ಬಳಗಕ್ಕೆ ಸೇರಿದವೆಂಬುದು ನಿಶ್ಚಯವಾಯಿತು.

ನಂಟು ನಿಶ್ಚಯವಾದರೂ ಒಂದು ಪ್ರಶ್ನೆ ಉಳಿಯಿತು. ಹೋದವರು ಯಾರು, ನಿಂತವರು ಯಾರು? ಉತ್ತರದಿಂದ ದಕ್ಷಿಣಕ್ಕೋ, ದಕ್ಷಿಣದಿಂದ ಉತ್ತರಕ್ಕೋ? ಇದಕ್ಕೆ ೧೯೩೬ರಲ್ಲಿ ಎಡ್ವರ್ಡ್ ಸಪಿರ್ ಬರೆದ ಒಂದು ಚಿಕ್ಕ ಲೇಖನವು ದಾರಿ ತೋರಿಸಿತು. ಸಪಿರನೂ ಬಾಲ್ಯದಲ್ಲಿಯೇ ಜರ್ಮನಿಯ ಊರನ್ನು ಬಿಟ್ಟು ಅಮೆರಿಕಾಕ್ಕೆ ಬಂದ ಯೆಹೂದ್ಯರ ಮಗ. ಆತನು ಕೆನಡಾದ ಸಾರ್ಸಿ ಜನರ ನುಡಿಯನ್ನೂ, ಹೂಪ ನುಡಿಯನ್ನೂ, ನವಾಹೊ ನುಡಿಯನ್ನೂ ಆಡುವವರ ಬಳಿಯಲ್ಲಿಯೇ ಕುಳಿತು ಕಲಿತವನು. ಆತನು ನೆಲವನ್ನು ಅಗೆಯಲಿಲ್ಲ, ಮಾತನ್ನು ಅಗೆದನು.

ನವಾಹೊ ಜನರು ನೀರು ತೋಡಲು ಸೋರೆಬುರುಡೆಯ ಸೌಟನ್ನು ಬಳಸುತ್ತಿದ್ದರು. ಆ ಸೌಟಿಗೆ ಅವರಲ್ಲಿರುವ ಹೆಸರು, ಮೂಲದಲ್ಲಿ ‘ಕೊಂಬು’ ಎಂಬ ಅರ್ಥವುಳ್ಳದ್ದು. ಸೋರೆಬಳ್ಳಿ ಬೆಳೆಯದ ಉತ್ತರದಲ್ಲಿ ಮೃಗದ ಕೊಂಬಿನಿಂದಲೇ ಸೌಟನ್ನು ಮಾಡುತ್ತಿದ್ದರು. ವಸ್ತು ಬದಲಾಯಿತು, ಹೆಸರು ಬದಲಾಗಲಿಲ್ಲ. ಬೀಜಗಳು ನೆಲದ ಮೇಲೆ ಚೆಲ್ಲಿಬಿದ್ದಿವೆ ಎಂದು ಹೇಳುವಾಗ ನವಾಹೊ ರೈತನು ಬಳಸುವ ಕ್ರಿಯಾಪದದ ಧಾತುವು, ಉತ್ತರದ ನುಡಿಗಳಲ್ಲಿ ಹಿಮವು ನೆಲದ ಮೇಲೆ ಹರಡಿಬಿದ್ದಿರುವುದನ್ನು ಹೇಳುವ ಧಾತುವಿಗೆ ಸಂಬಂಧಪಟ್ಟದ್ದು. ಜೋಳಕ್ಕೆ ಅವರಿಟ್ಟ ಹೆಸರನ್ನು ಬಿಡಿಸಿದರೆ ‘ಅನ್ಯರ ಆಹಾರ’, ‘ಹಗೆಗಳ ಆಹಾರ’ ಎಂಬ ಅರ್ಥ ಹೊರಡುತ್ತದೆ. ಬೇಸಾಯವು ತಮ್ಮ ಹುಟ್ಟುಕಸುಬಲ್ಲ, ಬಂದ ಮೇಲೆ ಕಲಿತದ್ದು ಎಂದು ಆ ಜನರ ಮಾತೇ ಸಾಕ್ಷಿ ನುಡಿಯಿತು.

ಮುಂದೆ ನೆಲವೂ ಸಾಕ್ಷಿ ನುಡಿಯದೆ ಇರಲಿಲ್ಲ. ಕ್ರಿ. ಶ. ೮೫೦ರ ಸುಮಾರಿನಲ್ಲಿ ಅಲಾಸ್ಕಾದ ಚರ್ಚಿಲ್ ಪರ್ವತವು ಅಗ್ನಿಯನ್ನು ಕಾರಿ ಯೂಕಾನ್ ಸೀಮೆಯ ದಕ್ಷಿಣಭಾಗವನ್ನು ಬೂದಿಯಿಂದ ಮುಚ್ಚಿತು. ಆ ಬೂದಿಯ ಕಣಗಳು ಗ್ರೀನ್‌ಲೆಂಡಿನ ಹಿಮದಲ್ಲಿಯೂ ಯೂರೋಪಿನ ಜೌಗುನೆಲದಲ್ಲಿಯೂ ದೊರೆತಿವೆ. ಮೇವು ಹೂತುಹೋಗಿ ಬೇಟೆ ಕೆಟ್ಟಾಗ ಕೆಲವು ಕುಟುಂಬಗಳು ದಕ್ಷಿಣದ ಕಡೆಗೆ ಮುಖಮಾಡಿದವೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ನಡುದಾರಿಯಲ್ಲಿ, ಯೂಟಾದ ಮಹಾಲವಣಸರೋವರದ ದಂಡೆಯಲ್ಲಿ, ಪ್ರಾಮಂಟರಿ ಎಂಬ ಗುಹೆಗಳಿವೆ. ಜೂಲಿಯನ್ ಸ್ಟೀವರ್ಡ್ ೧೯೩೦-೩೧ರಲ್ಲಿ ಅವುಗಳನ್ನು ಅಗೆದಾಗ, ಒಣಹವೆಯಲ್ಲಿ ಕೆಡದೆ ಉಳಿದ ನೂರಾರು ತೊಗಲಿನ ಪಾದರಕ್ಷೆಗಳು ಹೊರಬಂದವು. ಅವುಗಳ ಹೊಲಿಗೆಯ ರೀತಿ ಸುತ್ತಲಿನ ಜನರದಲ್ಲ, ಉತ್ತರದ ಕಾಡುಗಳದು. ೨೦೧೧ರಿಂದ ಈಚೆಗೆ ನಡೆದ ಶೋಧನೆಯಿಂದ ಅವು ಹದಿಮೂರನೆಯ ಶತಮಾನದವೆಂದು ಗೊತ್ತಾಗಿದೆ. ಅವುಗಳಲ್ಲಿ ಬಹಳಷ್ಟು ಮಕ್ಕಳವು. ದೊಡ್ಡ ವಲಸೆಯೆಂದರೆ ಸೈನ್ಯದ ದಂಡಯಾತ್ರೆಯಂತೆ ಚಿತ್ರಿಸಿಕೊಳ್ಳುವ ಮನಸ್ಸಿಗೆ ಈ ಪುಟ್ಟ ಪಾದರಕ್ಷೆಗಳು ಬೇರೊಂದು ಪಾಠವನ್ನು ಹೇಳುತ್ತವೆ. ತಾಯಂದಿರು ಚಳಿಗಾಲಕ್ಕೆ ಮೊದಲು ಮಗುವಿನ ಕಾಲನ್ನು ಅಳೆದು ಹೊಲಿದರು, ಮಗು ಬೆಳೆಯಿತು, ಹಳೆಯದನ್ನು ಮೂಲೆಗೆ ಎಸೆದು ಹೊಸದನ್ನು ಹೊಲಿದರು, ಮುಂದೆ ನಡೆದರು. ೧೫೪೧ರಲ್ಲಿ ಸ್ಪೇನಿನ ಕೊರೊನಾಡೊ ದಕ್ಷಿಣದ ಬಯಲನ್ನು ಹಾಯುವಾಗ, ನಾಯಿಗಳ ಮೇಲೆ ಹೊರೆ ಹೇರಿ ಕಾಡೆಮ್ಮೆಯ ಹಿಂಡುಗಳ ಹಿಂದೆ ತಿರುಗುತ್ತಿದ್ದ ಜನರನ್ನು ಕಂಡನು. ಅವರು ಅಪಾಚೆಯರ ಪೂರ್ವಜರೆಂದು ಚರಿತ್ರಕಾರರು ಎಣಿಸುತ್ತಾರೆ.

ಆದರೆ ಈ ಎಲ್ಲ ಲೆಕ್ಕದಲ್ಲಿ ಒಂದು ಮುಳ್ಳುಂಟು. ದಿನೇ ಜನರು ತಾವೇ ಹೇಳಿಕೊಳ್ಳುವ ಕಥೆ ಬೇರೆ. ಭೂಮಿಯ ಕೆಳಗಿನ ಲೋಕಗಳನ್ನು ಒಂದೊಂದಾಗಿ ದಾಟಿ, ಅವರ ಹಿರಿಯರು ಈ ಬೆಳಕಿನ ಲೋಕಕ್ಕೆ ಏರಿ ಬಂದರು. ನಾಲ್ಕು ದಿಕ್ಕಿನ ನಾಲ್ಕು ಪವಿತ್ರ ಪರ್ವತಗಳ ನಡುವಣ ನೆಲವೇ ಅವರಿಗೆ ಕೊಡಲ್ಪಟ್ಟ ಮನೆ. ನೀವು ತಡವಾಗಿ ಬಂದವರು ಎಂದು ಪಂಡಿತನು ಹೇಳಿದರೆ, ಅದನ್ನು ಕೇಳುವ ಹಿರಿಯನಿಗೆ ಅದು ಬರಿಯ ವಿದ್ಯೆಯ ಮಾತಾಗಿ ತೋರುವುದಿಲ್ಲ. ತಡವಾಗಿ ಬಂದವರಿಗೆ ನೆಲದ ಹಕ್ಕು ಕಡಮೆ ಎಂಬ ವಾದಕ್ಕೆ ಅಂಥ ಮಾತು ಸುಲಭವಾಗಿ ಒದಗುತ್ತದೆ. ಇನ್ನು ಉತ್ತರದಲ್ಲಿ, ತ್ಸೂತಿನಾ ಎಂದು ತಮ್ಮನ್ನು ಕರೆದುಕೊಳ್ಳುವ ಸಾರ್ಸಿ ಜನರು, ಅಗಲಿಕೆಯ ಕಥೆಯನ್ನೇ ಹೇಳುತ್ತಾರೆ. ಹಿಂದೊಮ್ಮೆ ಜನರೆಲ್ಲ ಹೆಪ್ಪುಗಟ್ಟಿದ ಸರೋವರವನ್ನು ದಾಟುತ್ತಿದ್ದಾಗ ಮಂಜಿನ ಮೇಲೆ ಒಂದು ಕೊಂಬು ಕಾಣಿಸಿತಂತೆ. ಮಗುವೊಂದು ಅದು ಬೇಕೆಂದು ಹಟಮಾಡಿ ಅತ್ತಿತು. ಅದನ್ನು ಕಿತ್ತುಕೊಡಲು ಹೋದಾಗ ಮಂಜು ಬಿರಿಯಿತು, ಹಲವರು ಮುಳುಗಿದರು, ಉಳಿದವರು ಎರಡು ದಡಗಳಲ್ಲಿ ಬೇರಾಗಿ ಮತ್ತೆ ಕೂಡಲೇ ಇಲ್ಲ. ಹೊರಟುಹೋದವರು ದಾರಿಯನ್ನು ಮರೆತರು. ಉಳಿದವರು ಅಗಲಿಕೆಯನ್ನು ಮರೆಯಲಿಲ್ಲ.

ಹಾಗಾದರೆ ಯಾವುದು ಸತ್ಯ? ಉತ್ತರವು ಜೋಳದ ತೆನೆಯಲ್ಲಿಯೇ ಇದ್ದಂತಿದೆ. ‘ಅನ್ಯರ ಆಹಾರ’ವೆಂದು ಹೆಸರು ಪಡೆದ ಆ ಧಾನ್ಯವು ಇಂದು ದಿನೇ ಜನರಿಗೆ ಅತ್ಯಂತ ಪವಿತ್ರವಾದದ್ದು. ಅದರ ಪರಾಗವನ್ನು ಹಿಡಿದು ಅವರು ಪ್ರಾರ್ಥಿಸುತ್ತಾರೆ. ಮೊದಲ ಗಂಡೂ ಮೊದಲ ಹೆಣ್ಣೂ ಬಿಳಿ ಮತ್ತು ಹಳದಿ ತೆನೆಗಳಿಂದ ರೂಪುಗೊಂಡರೆಂದು ಅವರ ಪುರಾಣವು ಹೇಳುತ್ತದೆ. ಕಾಲು ನಡೆದುಬಂದ ದಾರಿ ಒಂದು. ಒಂದು ನೆಲವು ಒಂದು ಜನವನ್ನು ಹೆತ್ತು ತನ್ನದಾಗಿ ಮಾಡಿಕೊಳ್ಳುವ ದಾರಿ ಮತ್ತೊಂದು. ಸಪಿರನು ಮೊದಲನೆಯದನ್ನು ಹೇಳಿದನು. ಪುರಾಣವು ಎರಡನೆಯದನ್ನು ಹೇಳಿತು.

ಈ ಎರಡನೆಯ ಸತ್ಯಕ್ಕೆ ಪರೀಕ್ಷೆಯೂ ಒದಗಿತು. ೧೮೬೩-೬೪ರಲ್ಲಿ ಕಿಟ್ ಕಾರ್ಸನ್ನನ ದಂಡು ನವಾಹೊ ಜನರ ಜೋಳದ ಹೊಲಗಳನ್ನು ಸುಟ್ಟಿತು. ಪೀಚ್ ಹಣ್ಣಿನ ತೋಟಗಳನ್ನೂ ಸೈನಿಕರು ಕಡಿದುಹಾಕಿದರು. ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ಪೂರ್ವಕ್ಕೆ ಸುಮಾರು ೫೦೦ ಕಿಲೋಮೀಟರ್ ನಡೆಸಿ, ಪೇಕೋಸ್ ನದಿಯ ದಂಡೆಯ ಬೋಸ್ಕೆ ರೆಡೊಂಡೊ ಎಂಬಲ್ಲಿ ಕೂಡಿಹಾಕಿದರು. ನೀರು ಕ್ಷಾರ, ಬೆಳೆ ಹುಳುಗಳ ಪಾಲು, ಸತ್ತವರು ಬಹುಮಂದಿ. ೧೮೬೮ರಲ್ಲಿ ಸೇನಾಪತಿ ಶರ್ಮನ್ ಬಂದು, ದೂರದ ಬೇರೊಂದು ಸೀಮೆಗೆ ಹೋಗುವಿರಾ ಎಂದು ಕೇಳಿದಾಗ, ಅವರ ಮುಖಂಡ ಬಾರ್ಬೊನ್ಸಿಟೊ ತನ್ನ ನಾಡಲ್ಲದೆ ಮತ್ತೊಂದು ಬೇಡವೆಂದನು. ಜೂನ್ ೧ರಂದು ಒಪ್ಪಂದವಾಯಿತು. ಮರಳುವಾಗ ಆಲ್ಬುಕರ್ಕಿಯ ಬಳಿ ತಮ್ಮ ಪರ್ವತದ ತುದಿ ಕಂಡಾಗ, ಅದು ತಮ್ಮದೇ ಹೌದೋ ಎಂದು ಬೆರಗಾದರೆಂದೂ, ನೆಲದೊಡನೆ ಮಾತನಾಡಬೇಕೆನ್ನಿಸಿತೆಂದೂ ಮುಖಂಡ ಮಾನುಯೆಲಿಟೊ ಮುಂದೆ ನೆನೆದನು. ಹಿರಿಯರು ಉತ್ತರದಿಂದ ಬಂದರೆಂಬುದು ನಿಜ. ಈ ಜನರು ಮನೆಗೆ ಮರಳಿದರೆಂಬುದು ಅಷ್ಟೇ ನಿಜ.

ಮಾತಿನ ಗಂಟು ಅಷ್ಟು ಭದ್ರವಾದದ್ದಲ್ಲ. ಮುಂದೆ ಈ ಮಕ್ಕಳನ್ನು ದೂರದ ವಸತಿಶಾಲೆಗಳಿಗೆ ಸೇರಿಸಿ, ತಾಯ್ನುಡಿಯನ್ನಾಡಿದರೆ ಶಿಕ್ಷಿಸಿದರು. ಅದೇ ನುಡಿಯನ್ನು ೧೯೪೨ರಿಂದ ಯುದ್ಧದ ಗುಪ್ತಸಂದೇಶಗಳಿಗೆ ಬಳಸಿಕೊಂಡದ್ದು ವಿಧಿಯ ವಿನೋದ. ನವಾಹೊ ನುಡಿಯನ್ನು ಆಡುವವರು ಇಂದಿಗೂ ಲಕ್ಷಕ್ಕೆ ಮಿಗಿಲಾಗಿದ್ದಾರೆ. ಆದರೆ ಮಕ್ಕಳಲ್ಲಿ ಅದು ಕುಗ್ಗುತ್ತಿದೆ. ಈ ಬಳಗಕ್ಕೆ ದಾಯಾದಿಯಾದ ಅಲಾಸ್ಕಾದ ಎಯಾಕ್ ನುಡಿಯನ್ನು ತಾಯ್ನುಡಿಯಾಗಿ ಬಲ್ಲ ಕೊನೆಯ ಮುದುಕಿ ೨೦೦೮ರಲ್ಲಿ ತೀರಿಕೊಂಡಳು. ಗುಹೆಯ ಪಾದರಕ್ಷೆಯು ಯಾರೂ ಮುಟ್ಟದೆ ಏಳುನೂರು ವರ್ಷ ಉಳಿಯಬಲ್ಲದು. ಮಾತಿನ ಗತಿ ಬೇರೆ: ದಿನವೂ ಬಳಸಿದರೆ ಮಾತ್ರ ಅದು ಉಳಿಯುತ್ತದೆ. ಬೀಜ ಚೆಲ್ಲುವ ಅಜ್ಜಿಯು ಆ ಹಳೆಯ ಕ್ರಿಯಾಪದವನ್ನು ಮೊಮ್ಮಗುವಿನ ಎದುರಿನಲ್ಲಿ ನುಡಿಯುವವರೆಗೆ, ಮರುಭೂಮಿಯ ಆ ಹೊಲದಲ್ಲಿ ಉತ್ತರದ ಹಿಮವು ಬೀಳುತ್ತಲೇ ಇರುತ್ತದೆ.