ಕಪ್ಪು ಪರದೆಯ ಚೆಲ್ಲೊ

ಜೂನ್ 21, 2024, ಶುಕ್ರವಾರ. ಕಾರಹುಣ್ಣಿಮೆ

ಹಬ್ಬಕ್ಕೆಂದು ಮಗ ಹೈದರಾಬಾದಿನಿಂದ ಬಂದ. ಚೀಲದಲ್ಲಿ ಬಟ್ಟೆಗಿಂತ ಹಳೆ ಪುಸ್ತಕವೇ ಜಾಸ್ತಿ. ಆಬಿಡ್ಸ್ ಫುಟ್‌ಪಾತಿನ ಭಾನುವಾರದ ಸಂತೆಗೆ ಹೋದರೆ ಬರಿಗೈಲಿ ವಾಪಸು ಬರುವ ಜಾಯಮಾನವೇ ಅವನದಲ್ಲ. ಈ ಸಲ ನನಗೂ ಒಂದು ಹುಡುಕಿ ತಂದಿದ್ದಾನೆ. ಎರಡು ಸಿಡಿಗಳ ಡಬ್ಬಿ, ಮುಚ್ಚಳ ಸೀಳಿದೆ. ರಚನೆ ಬಾಖ್, ಚೆಲ್ಲೊ ವಾದನ ಯಾನೋಷ್ ಸ್ಟಾರ್ಕರ್. "ನಿನಗ ಸಾರಂಗಿ ಅಂದ್ರ ಜೀವ ಅಲ್ಲಾ ಅವ್ವ, ಇದು ಅದರ ದೊಡ್ಡಪ್ಪ ನೋಡು" ಅಂದ.

ಸಿಡಿ ಹಾಕಲು ಮನೆಯಲ್ಲಿ ಏನಿದೆ? ಮದುವೆ ಡಿಸ್ಕುಗಳಿಗೆಂದು ತಂದ ಡಿವಿಡಿ ಪ್ಲೇಯರ್ ಅಟ್ಟದ ಮೇಲಿತ್ತು. ಧೂಳು ಒರೆಸಿ ಟಿವಿಗೆ ಸಿಕ್ಕಿಸಿದ. ಪರದೆ ಪೂರ್ತಿ ಕಪ್ಪು, ಸದ್ದು ಮಾತ್ರ ಹೊರಟಿತು. ಹೋಳಿಗೆ ತಟ್ಟೆ ಹಿಡಿದು ಬಂದ ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತಳು. "ಅಕ್ಕೋರ, ಟಿವಿ ಕೆಟ್ಟದೇನ್ರಿ? ಬರೇ ಆವಾಜ್ ಬರ್ಲಿಕತ್ತದ." ಆಮೇಲೆ ತುಸು ಹೊತ್ತು ಕಿವಿಗೊಟ್ಟು, "ಯಾರೋ ಗಂಡಸು ಒಳಗೊಳಗ ಗುನುಗಿದಂಗ ಅದ" ಅಂದಳು. ಸರಿಯಾಗಿಯೇ ಹೇಳಿದಳು. ಚೆಲ್ಲೊದ ದನಿ ಗಂಡಸಿನ ಕಂಠ ಓಡಾಡುವ ಎತ್ತರದಲ್ಲೇ ಹೆಚ್ಚು ಓಡಾಡುತ್ತದೆ.

ಜೂನ್ 23, ಭಾನುವಾರ

ಮಗ ಬೆಳಗಿನ ಬಸ್ಸಿಗೆ ಹೋದ. ಮಧ್ಯಾಹ್ನ ಬಾಗಿಲು ಮುಂದೆ ಮಾಡಿಕೊಂಡು ಕೂತೆ.

ಒಂದೇ ವಾದ್ಯ. ತಬಲಾ ಇಲ್ಲ, ಪಿಯಾನೊ ಇಲ್ಲ, ತಂಬೂರಿಯೂ ಇಲ್ಲ. ಪಿಟೀಲಿನ ಜಾತಿಯದೇ ಆದರೂ ಹೆಗಲ ಮೇಲೆ ಕೂರುವ ಗಾತ್ರವಲ್ಲ. ಕುರ್ಚಿಯಲ್ಲಿ ಕೂತು, ಮೊಣಕಾಲುಗಳ ನಡುವೆ ಹಿಡಿದು, ತಳದ ಕಡ್ಡಿಯನ್ನು ನೆಲಕ್ಕೆ ಊರಿ ನುಡಿಸಬೇಕು. ಬಾಖ್ 1720ರ ಹೊತ್ತಿಗೆ ಇದೊಂದಕ್ಕೇ ಆರು ಸೂಟ್ ಬರೆದ. ಒಂದೊಂದರಲ್ಲೂ ಒಂದು ಪೀಠಿಕೆ, ಅದರ ಹಿಂದೆ ಕುಣಿತದ ಗತ್ತುಗಳು. ಬಹುಕಾಲ ಇವನ್ನು ಬೆರಳು ಪಳಗಿಸುವ ಪಾಠ ಎಂದೇ ಎಣಿಸಿದ್ದರು. 1890ರಲ್ಲಿ ಬಾರ್ಸಿಲೋನಾದ ಹಳೆ ಹಾಳೆಗಳ ಅಂಗಡಿಯೊಂದರಲ್ಲಿ ಹದಿಮೂರು ವರ್ಷದ ಹುಡುಗ ಪಾಬ್ಲೊ ಕಸಾಲ್ಸ್‌ಗೆ ಇವು ಸಿಕ್ಕವು. ಅವನೇ 1936ರಿಂದ 1939ರೊಳಗೆ ಆರನ್ನೂ ರೆಕಾರ್ಡ್ ಮಾಡಿದ. ಹಳೆ ಸಾಮಾನಿನ ಅಂಗಡಿಗಳಿಗೆ ಸಂಗೀತ ಲೋಕ ಎಷ್ಟು ಋಣಿಯೋ!

ಮೊದಲನೆ ಸೂಟಿನ ಪೀಠಿಕೆ ಕೇಳುತ್ತಾ ಒಂದು ಸಂಗತಿ ಮನಸ್ಸು ಹಿಡಿಯಿತು. ಮೇಲೆ ಸ್ವರಗಳು ಎಷ್ಟೇ ಸುತ್ತಾಡಲಿ, ಮೊದಲ ನಾಲ್ಕು ಆವರ್ತ ಕೆಳಗಿನ ಸ್ವರ ಜಾಗ ಬಿಟ್ಟು ಕದಲುವುದಿಲ್ಲ. ತಂಬೂರಿ ಇಲ್ಲ ಎಂದು ಮೇಲೆ ಬರೆದೆನಲ್ಲ, ಬಾಖ್ ಅದನ್ನು ಒಳಗೇ ಇಟ್ಟಿದ್ದಾನೆ. ಸ್ಟಾರ್ಕರ್ ಅದನ್ನು ಒತ್ತಿ ತೋರಿಸುವುದೂ ಇಲ್ಲ. ಕಮಾನು ಹೋಗಿ ತಿರುಗಿ ಬರುವ ಕಡೆ ಎಲ್ಲರಲ್ಲೂ ಒಂದು ಸಣ್ಣ ಗಂಟು ಕೇಳುತ್ತದೆ. ಇವನಲ್ಲಿ ಆ ಗಂಟು ಹುಡುಕಿದರೂ ಸಿಗಲೊಲ್ಲದು.

ಜೂನ್ 26, ಬುಧವಾರ

ಮಗ ಫೋನಿಗೆ ಕಳಿಸಿದ್ದನ್ನೆಲ್ಲ ಓದಿ ಮುಗಿಸಿದೆ. ಮರೆಯುವ ಮುಂಚೆ ಬರೆದಿಡುತ್ತೇನೆ.

ಸ್ಟಾರ್ಕರ್ ಹುಟ್ಟಿದ್ದು 1924ರ ಜುಲೈ 5, ಹಂಗೇರಿಯ ಬುಡಾಪೆಸ್ಟ್. ಯಹೂದಿ ಕುಟುಂಬ. ಇಬ್ಬರು ಅಣ್ಣಂದಿರು ಪಿಟೀಲು ಹಿಡಿದಿದ್ದರು, ಮೂರನೆಯವನಿಗೆ ಚೆಲ್ಲೊ. ಆರರ ವಯಸ್ಸಿಗೆ ಕಲಿಯತೊಡಗಿ ಎಂಟಕ್ಕೆ ಇನ್ನೊಬ್ಬ ಹುಡುಗನಿಗೆ ಪಾಠ ಹೇಳುತ್ತಿದ್ದ. ಹದಿಹರೆಯದಲ್ಲಿ, ಬರಬೇಕಾದವರು ಬಾರದಿದ್ದಾಗ ಕೆಲವೇ ಗಂಟೆಗಳ ಮುನ್ಸೂಚನೆಯಲ್ಲಿ ಹೋಗಿ ದ್ವೋರ್ಜಾಕನ ಕನ್ಸರ್ಟೊ ನುಡಿಸಿದ.

1944ರ ಮಾರ್ಚಿನಲ್ಲಿ ಜರ್ಮನ್ ಸೈನ್ಯ ಹಂಗೇರಿಗೆ ನುಗ್ಗಿತು. ಅವನನ್ನು ಡ್ಯಾನ್ಯೂಬ್ ನದಿಯ ಚೆಪೆಲ್ ದ್ವೀಪದ ಶಿಬಿರಕ್ಕೆ ಹಾಕಿದರು. ಅವನು ಬದುಕಿ ಬಂದ, ಅಪ್ಪ ಅಮ್ಮ ಬದುಕಿದರು. ಅಣ್ಣಂದಿರಿಬ್ಬರನ್ನೂ ನಾಜಿಗಳು ಕೊಂದರು. ಯುದ್ಧ ಮುಗಿದ ಮೇಲೆ ಬುಡಾಪೆಸ್ಟ್ ಆಪೆರಾದಲ್ಲಿ ಮುಖ್ಯ ಚೆಲ್ಲೊ ವಾದಕನಾದ, 1946ರಲ್ಲಿ ದೇಶ ಬಿಟ್ಟ. ಪ್ಯಾರಿಸ್ಸಿನ ಮೇಲೆ ಹಾದು 1948ಕ್ಕೆ ಅಮೆರಿಕ. ಡಲ್ಲಾಸ್, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ, ಶಿಕಾಗೊ ಎಂದು ಹತ್ತು ವರ್ಷ ವಾದ್ಯವೃಂದಗಳಲ್ಲಿ ಮುಂದಿನ ಕುರ್ಚಿಯಲ್ಲಿ ಕೂತ. 1958ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಮೇಷ್ಟ್ರಾಗಿ ಹೋದವನು ಬ್ಲೂಮಿಂಗ್ಟನ್ ಊರು ಬಿಡಲಿಲ್ಲ. 2013ರ ಏಪ್ರಿಲ್ 28ರಂದು ಅಲ್ಲೇ ತೀರಿಕೊಂಡ.

ಇಷ್ಟು ಓದಿದ ಮೇಲೆ ಸಿಡಿ ಹಾಕಿದರೆ ಏನಾಗುತ್ತದೆ? ಪ್ರತಿ ಮಂದ್ರ ಸ್ವರದಲ್ಲೂ ಆ ಅಣ್ಣಂದಿರನ್ನು ಹುಡುಕತೊಡಗಿದೆ. ಸಿಟ್ಟು ಬಂದು ನಿಲ್ಲಿಸಿದೆ. ಆತ ಹಾಗೆ ನುಡಿಸಿಲ್ಲ. ಕರುಣೆ ಬೇಡುವ ಒಂದು ಎಳೆತವೂ ಅದರಲ್ಲಿಲ್ಲ, ನಾನು ಹೊರಗಿನಿಂದ ತುರುಕುತ್ತಿದ್ದೇನೆ.

ಜೂನ್ 30, ಭಾನುವಾರ

ಇಂಡಿಯಾನಾ ಎಂಬ ಹೆಸರು ಎಲ್ಲೋ ಓದಿದ್ದೆ, ಎಲ್ಲಿ ಎಂದು ಹೊಳೆದಿರಲಿಲ್ಲ. ಇವತ್ತು ಹೊಳೆಯಿತು. ಆಕಾಶವಾಣಿಯ ರಾಗ!

ನಾನು ಸೊಸೆಯಾಗಿ ತೆಲಂಗಾಣದ ಕೋಸಗಿಗೆ ಬಂದಾಗ ಈ ಮನೆಯ ಬೆಳಗು ಶುರುವಾಗುತ್ತಿದ್ದುದೇ ಕಲಬುರಗಿ ಕೇಂದ್ರದಿಂದ. ಮಾವ ರೇಡಿಯೊ ತಿರುವಿದರೆ ಮೊದಲು ಆ ಶಿವರಂಜನಿಯ ಎಳೆ, ಆಮೇಲೆ ಒಲೆಗೆ ಬೆಂಕಿ. 1956ಕ್ಕೆ ಮುಂಚೆ ಪಕ್ಕದ ಕೊಡಂಗಲ್ ತಾಲ್ಲೂಕು ಗುಲ್ಬರ್ಗಾ, ಅಂದರೆ ಕಲಬುರಗಿ, ಜಿಲ್ಲೆಯಲ್ಲೇ ಇತ್ತು. ರಾಜ್ಯಗಳ ಗೆರೆ ಎಳೆದವರು ತಾಲ್ಲೂಕನ್ನು ಈಚೆ ಹಾಕಿದರು, ರೇಡಿಯೊ ಅಲೆಗೆ ಗೆರೆ ಹಾಕಲಾಗಲಿಲ್ಲ. ಬೀದಿಯಲ್ಲಿ ತೆಲುಗು, ಮನೆಯಲ್ಲಿ ಕಲಬುರಗಿಯ ಕನ್ನಡ.

ಆ ರಾಗ ಕಟ್ಟಿದವನೆಂದು ಹೆಸರಾದವನು ವಾಲ್ಟರ್ ಕೌಫ್‌ಮನ್. 1907ರಲ್ಲಿ ಕಾರ್ಲ್ಸ್‌ಬಾದಿನಲ್ಲಿ ಹುಟ್ಟಿದ ಯಹೂದಿ. ಹಿಟ್ಲರ್ ಬಂದ ಮೇಲೆ 1934ರಲ್ಲಿ ಮುಂಬಯಿಗೆ ಬಂದ. ಮೊದಲು ನಮ್ಮ ಸಂಗೀತದ ರೆಕಾರ್ಡು ಕೇಳಿದಾಗ ಅವನಿಗೆ ತಲೆಬುಡ ತಿಳಿಯಲಿಲ್ಲವಂತೆ. ಲಕ್ಷಾಂತರ ಜನ ಪ್ರೀತಿಸುವ ಸಂಗೀತ ನನಗೆ ಹಿಡಿಸದಿದ್ದರೆ ತಪ್ಪು ನನ್ನ ಕಿವಿಯದು ಎಂದುಕೊಂಡು ಕಲಿಯಲು ಕೂತ. ಅಲ್ಲಿಂದಾಚೆಗೆ ಆಕಾಶವಾಣಿ ಮುಂಬಯಿಯಲ್ಲಿ ಕೆಲಸ. ಅವನ ಹೆಂಡತಿ ಗೆರ್ಟಿ, ಲೇಖಕ ಕಾಫ್ಕಾನ ತಂಗಿಯೊಬ್ಬಳ ಮಗಳು. ಅವನ ಜೊತೆ ಮುಂಬಯಿಯಲ್ಲಿ ಪಿಟೀಲು ನುಡಿಸುತ್ತಿದ್ದವರು ಮೆಹ್ಲಿ ಮೆಹ್ತಾ, ಜುಬಿನ್ ಮೆಹ್ತಾರ ತಂದೆ. ಆಕಾಶವಾಣಿ ರಾಗದಲ್ಲಿರುವ ಪಿಟೀಲು ಅವರದೇ ಎನ್ನುತ್ತಾರೆ. ಅದೇ ಗುಂಪಿನಲ್ಲಿ ಎಡಿಜಿಯೊ ವೆರ್ಗಾ ಎಂಬಾತ ಚೆಲ್ಲೊ ನುಡಿಸುತ್ತಿದ್ದ.

1946ರಲ್ಲಿ ಮುಂಬಯಿ ಬಿಟ್ಟ ಕೌಫ್‌ಮನ್ 1957ರಲ್ಲಿ ಸೇರಿದ್ದು ಅದೇ ಇಂಡಿಯಾನಾ ವಿಶ್ವವಿದ್ಯಾಲಯ. ಅಲ್ಲಿದ್ದುಕೊಂಡೇ ಉತ್ತರ ಭಾರತದ ರಾಗಗಳ ಮೇಲೆ ಒಂದು, ದಕ್ಷಿಣದ ರಾಗಗಳ ಮೇಲೆ ಒಂದು ದೊಡ್ಡ ಪುಸ್ತಕ ಬರೆದ. ಅವನು ಸೇರಿದ ಮಾರನೇ ವರ್ಷ ಸ್ಟಾರ್ಕರ್ ಬಂದ. ಹಿಟ್ಲರನ ಕಾಲಕ್ಕೆ ನೆಲೆ ಕಳಕೊಂಡ ಇಬ್ಬರು ಯಹೂದಿಗಳು, ಒಬ್ಬನಿಗೆ ಮುಂಬಯಿ ದಾರಿ, ಇನ್ನೊಬ್ಬನಿಗೆ ಪ್ಯಾರಿಸ್ ದಾರಿ, ಕೊನೆಗೆ ಒಂದೇ ಸಂಗೀತ ಶಾಲೆಯ ಸಂಬಳದ ಪಟ್ಟಿಯಲ್ಲಿ. ಇದನ್ನು ಮಗನಿಗೆ ಫೋನಿನಲ್ಲಿ ಹೇಳಿದರೆ, "ಅವ್ವ, ನೀ ಪಿಎಚ್‌ಡಿ ಮಾಡಬೇಕಿತ್ತು" ಅಂತ ನಕ್ಕ. ನಗಲಿ.

ಜುಲೈ 5, ಶುಕ್ರವಾರ. ಮಣ್ಣೆತ್ತಿನ ಅಮಾವಾಸ್ಯೆ

ಬೆಳಿಗ್ಗೆ ಹೊಲದ ಕರಿಮಣ್ಣು ತರಿಸಿ ನಾದಿದೆ. ಎರೆಮಣ್ಣಿಗೆ ನೀರು ಒಂದು ಹನಿ ಹೆಚ್ಚಾದರೂ ಎತ್ತಿನ ಕಾಲು ಕುಸಿಯುತ್ತದೆ, ಕಡಿಮೆಯಾದರೆ ಕೊಂಬು ಬಿರಿಯುತ್ತದೆ. ಮೊಮ್ಮಕ್ಕಳಿಲ್ಲದ ಮನೆ, ಪಕ್ಕದ ಮನೆ ಹುಡುಗರು ಬಂದು ಕಣ್ಣಿಗೆ ಕುಸುಬಿ ಕಾಳು ಒತ್ತಿದರು. ಆ ಎತ್ತುಗಳು ಈಗ ಟಿವಿಯ ಪಕ್ಕದ ಮಣೆಯ ಮೇಲಿವೆ.

ಇವತ್ತಿಗೆ ಸ್ಟಾರ್ಕರ್ ಹುಟ್ಟಿ ನೂರು ವರ್ಷ. ಸಿಡಿ ಬಿಟ್ಟು ಫೋನಿನಲ್ಲಿ ಕೊಡಾಯ್‌ನ ಸೊನಾಟಾ ಹಾಕಿದೆ. ಅವನ ಹೆಸರು ಮೊದಲು ಮಾಡಿದ್ದು ಇದೇ. ಜೊಲ್ಟಾನ್ ಕೊಡಾಯ್ 1915ರಲ್ಲಿ ಬರೆದದ್ದು, ಇದಕ್ಕೂ ಪಕ್ಕವಾದ್ಯ ಇಲ್ಲ. ಹದಿನೈದರ ವಯಸ್ಸಿನಲ್ಲಿ ಸ್ಟಾರ್ಕರ್ ಇದನ್ನು ಕೊಡಾಯ್ ಮುಂದೆಯೇ ನುಡಿಸಿದ. ಮೊದಲ ಭಾಗ ಬಹಳ ಓಡಿತು ಎಂದು ಕೊಡಾಯ್ ಗೊಣಗಿದನಂತೆ. ಪ್ಯಾರಿಸ್ಸಿನಲ್ಲಿ ಮಾಡಿದ ಇದರ ರೆಕಾರ್ಡಿಗೆ ಫ್ರಾನ್ಸಿನ ಗ್ರಾಂ ಪ್ರಿ ದ್ಯು ದಿಸ್ಕ್ ಪ್ರಶಸ್ತಿ ಬಂತು. ಅಮೆರಿಕಕ್ಕೆ ಹೋದ ಮೇಲೆ ಮತ್ತೆ ಮುದ್ರಿಸಿದಾಗ ಯಂತ್ರದ ಮುಂದೆ ಕೂತಿದ್ದವನು ಪೀಟರ್ ಬಾರ್ಟೋಕ್, ಸಂಗೀತ ರಚನಕಾರ ಬೇಲಾ ಬಾರ್ಟೋಕನ ಮಗ.

ಇದರಲ್ಲಿ ನನ್ನ ಕಿವಿ ನೆಟ್ಟಿದ್ದು ಶ್ರುತಿಯ ಮೇಲೆ. ಕೆಳಗಿನ ಎರಡು ತಂತಿಗಳನ್ನು ಅರ್ಧರ್ಧ ಸ್ವರ ಇಳಿಸಿ ಕೂರಬೇಕೆಂದು ಕೊಡಾಯ್ ಬರೆದಿದ್ದಾನೆ. ಮಾಲಕಂಸ ಹಾಡುವ ಮೊದಲು ತಂಬೂರಿಯ ಪಂಚಮವನ್ನು ಮಧ್ಯಮಕ್ಕೆ ಇಳಿಸುವ ನಮ್ಮವರಿಗೆ ಇದೇನೂ ಹೊಸದಲ್ಲ. ಬಾಖ್‌ನ ಐದನೆಯ ಸೂಟಿನಲ್ಲೂ ಮೇಲಿನ ತಂತಿಯನ್ನು ಒಂದು ಸ್ವರ ಇಳಿಸುವ ಸೂಚನೆಯಿದೆ. ತಂತಿ ಸಡಿಲವಾದರೆ ವಾದ್ಯದ ಒಡಲು ಬೇರೆಯಾಗಿ ಮೊಳಗುತ್ತದೆ. ಕೊಡಾಯ್‌ನ ಕೊನೆಯ ಭಾಗದಲ್ಲಂತೂ ಒಂದೇ ಚೆಲ್ಲೊ ಹಳ್ಳಿಯ ಇಡೀ ಮೇಳವನ್ನು ಎಬ್ಬಿಸುತ್ತದೆ. ಒಂದು ಕಡೆ ಎಡಗೈ ತಂತಿ ಮೀಟುತ್ತಿರುತ್ತದೆ, ಬಲಗೈ ಕಮಾನು ಎಳೆಯುತ್ತಿರುತ್ತದೆ. ಇಬ್ಬರು ಇದ್ದಾರೆಂದೇ ಹುಡುಗರು ಜಗಳಕ್ಕೆ ನಿಂತರು.

ಜುಲೈ 9, ಮಂಗಳವಾರ

ಫೋನು ಸ್ಟಾರ್ಕರನ ವಿಡಿಯೋ ತೋರಿಸಿತು. ಬೋಳುತಲೆ, ನೆಟ್ಟ ನೋಟ, ಕಲ್ಲಿನಂತೆ ಮುಖ. ಮೈ ಕದಲುವುದೇ ಇಲ್ಲ, ಬೇಕಾದಷ್ಟು ಕೈ ಮಾತ್ರ. ಅದರ ಬೆನ್ನಿಗೇ ಜಾಕ್ವೆಲಿನ್ ಡು ಪ್ರೇ ಬಂದಳು. ಕೂದಲು ಹಾರುತ್ತದೆ, ಇಡೀ ಮೈ ವಾದ್ಯದ ಜೊತೆ ತೂಗುತ್ತದೆ. ನೋಡಿದರೆ ಯಾರಿಗೆ ಮನಸ್ಸು ಸೋಲದು?

ಅವಳ ಕಥೆಯೂ ಹಾಗೆಯೇ. 1945ರ ಜನವರಿ 26ರಂದು ಆಕ್ಸ್‌ಫರ್ಡಿನಲ್ಲಿ ಹುಟ್ಟಿದ ಇಂಗ್ಲಿಷ್ ಹುಡುಗಿ, ಕೂಸಾಗಿದ್ದಾಗ ರೇಡಿಯೊದಲ್ಲಿ ಚೆಲ್ಲೊ ಕೇಳಿ ಅದೇ ಬೇಕೆಂದು ಹಟ ಹಿಡಿದಳು. 1967ರ ಜೂನ್‌ನಲ್ಲಿ ಯಹೂದಿ ಧರ್ಮಕ್ಕೆ ಸೇರಿ ಜೆರುಸಲೇಮಿನಲ್ಲಿ ಪಿಯಾನೊ ವಾದಕ ಡ್ಯಾನಿಯಲ್ ಬಾರೆನ್‌ಬಾಯಿಮ್‌ನನ್ನು ಮದುವೆಯಾದಳು. ಮದುವೆಯ ಹೊತ್ತಿಗೆ ಜುಬಿನ್ ಮೆಹ್ತಾ ತಾನು ಮೋಶೆ ಕೊಹೆನ್ ಎಂಬ ಪರ್ಷಿಯನ್ ಯಹೂದಿ ಎಂದು ಸುಳ್ಳು ಹೇಳಿ ಶಾಸ್ತ್ರದೊಳಗೆ ನುಸುಳಿದ್ದರಂತೆ! 1973ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಅವಳು ಕೊನೆಯ ಸಲ ಎಲ್ಗಾರನ ಕನ್ಸರ್ಟೊ ನುಡಿಸಿದಾಗ ವಾದ್ಯವೃಂದ ನಡೆಸಿದವರೂ ಅವರೇ. ಬೆರಳಿಗೆ ಸ್ಪರ್ಶ ತಪ್ಪುತ್ತಿತ್ತು. ಆ ಅಕ್ಟೋಬರಿನಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಗೊತ್ತಾಯಿತು. 1987ರಲ್ಲಿ, ನಲವತ್ತೆರಡಕ್ಕೆ, ಹೋದಳು.

ಎಲ್ಗಾರ್ ಕೇಳಿದವರೆಲ್ಲ ಅದರಲ್ಲಿ ಅವಳ ರೋಗದ ಅಳು ಕೇಳುತ್ತದೆ ಎನ್ನುತ್ತಾರೆ. ಆ ಹೆಸರಾಂತ ರೆಕಾರ್ಡಿಂಗ್ ಆದದ್ದು 1965ರ ಆಗಸ್ಟ್ 19ರಂದು, ಲಂಡನ್ನಿನ ಕಿಂಗ್ಸ್‌ವೇ ಹಾಲಿನಲ್ಲಿ. ಅವಳಿಗೆ ಇಪ್ಪತ್ತು, ಗಟ್ಟಿಮುಟ್ಟು. ವಾದ್ಯವೃಂದ ನಡೆಸಿದ ಬಾರ್ಬಿರೋಲಿ ಸ್ವತಃ ಚೆಲ್ಲೊದವರು. 1919ರಲ್ಲಿ ಆ ಕನ್ಸರ್ಟೊ ಮೊದಲ ಸಲ ನುಡಿದಾಗ ವಾದ್ಯವೃಂದದ ಚೆಲ್ಲೊ ಸಾಲಿನಲ್ಲಿದ್ದವರು. ಅಲ್ಲಿ ಕೇಳುವುದು ಎಲ್ಗಾರನ ದುಃಖ, ಹುಡುಗಿಯ ತೋಳ್ಬಲ. ರೋಗವನ್ನು ಅಲ್ಲಿಗೆ ಒಯ್ದವರು ನಾವು.

ನಮ್ಮಲ್ಲೂ ಇದೇ ಚಾಳಿ. ಭೀಮಸೇನ ಜೋಶಿಯವರ ತಾನಕ್ಕಿಂತ ಅವರ ಕೈ ಎಲ್ಲಿ ಹೋಯಿತು ಎಂಬ ವರ್ಣನೆಯೇ ಮುಂದೆ. ಮನ್ಸೂರರನ್ನು ಕಂಡವರು ಬೀಡಿಯ ಮಾತೆತ್ತದೆ ಬಿಡುವುದಿಲ್ಲ. ಸ್ಟಾರ್ಕರನಿಗೂ ಸಿಗರೇಟಿನ ಕಥೆ ಇದೆ. ರಂಗದ ಹಿಂದೆ ಸೇದಬಾರದು ಎಂದದ್ದಕ್ಕೆ ಒಮ್ಮೆ ಕಛೇರಿಯನ್ನೇ ಬಿಟ್ಟು ಹೋದನಂತೆ. ಚಂದದ ಕಥೆ, ನಾನೂ ಎಲ್ಲರಿಗೂ ಹೇಳುತ್ತಿದ್ದೇನೆ. ಆದರೆ ಕಮಾನಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಜುಲೈ 17, ಬುಧವಾರ. ಮೊಹರಂ

ಇಡೀ ದಿನ ಹಲಿಗೆ ಸದ್ದು. ಪೀರ ದೇವರು ಮನೆ ಮುಂದೆ ಬಂದಾಗ ಊದು, ಬೆಲ್ಲ ಕೊಟ್ಟೆ. ಅಳುವ ಪದವೇ, ಹೆಜ್ಜೆ ಮಾತ್ರ ತಪ್ಪುವುದಿಲ್ಲ. ಬಾಖ್‌ನ ಸಾರಾಬಾಂದ್ ಕೂಡ ಕುಣಿತದ ಗತ್ತು ಎಂದು ಇವತ್ತು ನಿಜಕ್ಕೂ ತಿಳಿಯಿತು.

ಜುಲೈ 21, ಭಾನುವಾರ. ಗುರುಪೂರ್ಣಿಮೆ

ಮಕ್ತಲ್‌ನಲ್ಲಿ ಹಾರ್ಮೋನಿಯಂ ಪಾಠ ಹೇಳುವ ಹುಡುಗಿ, ನನ್ನ ಹಳೆ ವಿದ್ಯಾರ್ಥಿನಿ, ನಮಸ್ಕಾರ ಹೇಳಲು ಫೋನ್ ಮಾಡಿದ್ದಳು. ಸ್ಟಾರ್ಕರ್ ತಾನು ಭೂಮಿಗೆ ಬಂದದ್ದೇ ಕಲಿಸಲಿಕ್ಕೆ ಎನ್ನುತ್ತಿದ್ದ, ಐವತ್ತು ವರ್ಷಕ್ಕೂ ಮೇಲೆ ಒಂದೇ ಊರಲ್ಲಿ ಪಾಠ ಹೇಳಿದ ಎಂದೆ. ನೂರೈವತ್ತಕ್ಕೂ ಮೇಲೆ ರೆಕಾರ್ಡು ಮಾಡಿದ್ದಾನೆ, ಬಾಖ್‌ನ ಆರನ್ನೂ ಮತ್ತೆ ಮತ್ತೆ ಮುದ್ರಿಸಿದ್ದಾನೆ, ಕೊನೆಯದಕ್ಕೆ 1998ರಲ್ಲಿ ಗ್ರ್ಯಾಮಿ ಬಂತು ಎಂದೆ. "ಎಲ್ಲಿಂದ ಸುರು ಮಾಡ್ಲಿ ಅಕ್ಕೋರ?" ಎಂದು ಕೇಳಿದಳು. ರಾತ್ರಿ ವಾಟ್ಸಾಪಿನಲ್ಲಿ ಬರೆದು ಕಳಿಸಿದ್ದನ್ನೇ ಇಲ್ಲಿ ಇಳಿಸುತ್ತೇನೆ.

ಮೊದಲು ಬಾಖ್‌ನ ಮೂರನೆ ಸೂಟಿನ ಬುರೆ ಎಂಬ ಕುಣಿತ ಕೇಳು. ಲವಲವಿಕೆಯದು, ಮಕ್ಕಳಿಗೂ ಕೇಳಿಸು. ಆಮೇಲೆ ಡು ಪ್ರೇಯ 1965ರ ಎಲ್ಗಾರ್. ಐದನೆಯ ಸೂಟಿನ ಸಾರಾಬಾಂದ್‌ಗೆ ರಾತ್ರಿ ಹೊತ್ತು ಬಾ, ಅದರಲ್ಲಿ ಎರಡು ಸ್ವರ ಒಟ್ಟಿಗೆ ನುಡಿಯುವುದೇ ಇಲ್ಲ, ಒಂದೇ ಒಂದು ಎಳೆ. ಕೊಡಾಯ್ ಕೊನೆಗೆ, ಕಿವಿ ಪಳಗಿದ ಮೇಲೆ, ಅದೂ ಸ್ಟಾರ್ಕರನದೇ. ಡು ಪ್ರೇ, ಸ್ಟಾರ್ಕರ್ ಇಬ್ಬರಲ್ಲಿ ಯಾರು ಹೆಚ್ಚು ಎಂದು ಕೇಳಿದರೆ ನನ್ನ ಮತ ಸ್ಟಾರ್ಕರನಿಗೆ. ಅವರ ಬದುಕಿನ ಕಥೆ ಆಮೇಲೆ ಓದು. ವಿಡಿಯೋ ಅದಕ್ಕೂ ಆಮೇಲೆ.