ಗೋಡೆಗೆ ಮೊಳೆ ಹೊಡೆಯದ ಬಾಡಿಗೆದಾರ

ಬೆಂಗಳೂರಿನ ಕುಂದಲಹಳ್ಳಿ ಗೇಟಿನಿಂದ ಎಇಸಿಎಸ್ ಲೇಔಟಿನವರೆಗೆ ಎಷ್ಟು ಪಿ.ಜಿ.ಗಳಿವೆಯೋ, ಅವುಗಳ ಮಂಚದಡಿ ಅಷ್ಟೇ ಹಳೆಯ ಲ್ಯಾಪ್‌ಟಾಪ್‌ಗಳೂ ಇವೆ ಎಂದು ನಾನು ಬೆಟ್ ಕಟ್ಟಬಲ್ಲೆ. ಹುಡುಗನಿಗೆ ಕೆಲಸ ಸಿಗುತ್ತದೆ, ಕಂಪನಿ ಹೊಸದೊಂದನ್ನು ಕೊಡುತ್ತದೆ, ಅಪ್ಪ ಸಾಲ ಮಾಡಿ ಕಾಲೇಜಿಗೆ ಕೊಡಿಸಿದ್ದು ಮಂಚದಡಿ ಸೇರುತ್ತದೆ. ಆಮೇಲೆ ಹುಡುಗ ಪುಣೆಗೋ ಹೈದರಾಬಾದಿಗೋ ಹೋಗುವಾಗ ಬಕೆಟ್ಟಿನ ಜೊತೆ ಅದನ್ನೂ ಬಿಟ್ಟುಹೋಗುತ್ತಾನೆ. ನಮ್ಮ ಓನರಮ್ಮ ಈ ಊರಿನವರೇ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಪಿ.ಜಿ. ನಡೆಸುತ್ತಾರೆ. ಒಂದು ಭಾನುವಾರ ಮೂರು ಲ್ಯಾಪ್‌ಟಾಪ್ ಎದೆಗವಚಿಕೊಂಡು ಮಹಡಿ ಹತ್ತಿ ಬಂದರು.

"ನೋಡಿ ಸಾರ್, ಗುಜರಿಯವನು ಮೂರಕ್ಕೂ ಸೇರಿ ಆರುನೂರು ಅಂತಾನೆ. ಕೊಟ್ಬಿಡ್ಲಾ?"

"ಒಂದು ದಿನ ಇಲ್ಲೇ ಇರಲಿ ಬಿಡಿ ಅಕ್ಕಾ" ಎಂದೆ. ಹೆಲ್ಪ್ ಡೆಸ್ಕಿನಲ್ಲಿ ವರ್ಷಗಟ್ಟಲೆ ಕೂತವನಿಗೆ ಬರುವ ಚಟ ಇದು.

ಮೂರರಲ್ಲಿ ಯಾವುದೂ ಕೆಟ್ಟಿರಲಿಲ್ಲ. ಮುದಿಯಾಗಿದ್ದವು, ಅಷ್ಟೇ, ಅದೂ ಯಾರೋ ಹೇಳಿದ್ದರಿಂದ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತೆಯ ಏರ್ಪಾಡು ಇರಬೇಕು, ಪ್ರೊಸೆಸರ್ ಮೈಕ್ರೋಸಾಫ್ಟಿನ ಪಟ್ಟಿಯಲ್ಲಿರಬೇಕು. ಕೀಬೋರ್ಡ್, ಪರದೆ, ಲೆಕ್ಕ ಮಾಡುವ ಚಿಪ್ ಎಲ್ಲವೂ ನಿನ್ನೆ ಇದ್ದಂತೆಯೇ ಇವತ್ತೂ ಇವೆ. ಆದರೂ ಇವತ್ತಿನಿಂದ ಅದು ಹಳತು. ಕಂಪನಿಗಳಲ್ಲಿ ಮನುಷ್ಯರಿಗೂ ಹೀಗೇ ದಿನಾಂಕ ಬೀಳುವುದನ್ನು ಕಂಡಿದ್ದೇನೆ. ಆ ಮಾತು ಇಲ್ಲಿ ಬೇಡ.

ನನ್ನ ಕೀ ಗೊಂಚಲಿನಲ್ಲಿ ಒಂದು ಪೆನ್‌ಡ್ರೈವ್ ಸದಾ ನೇತಾಡುತ್ತಿರುತ್ತದೆ. ಅದರಲ್ಲಿ ವಿಂಡೋಸಿನ ಜಾಗದಲ್ಲಿ ಕೂರಬಲ್ಲ ಉಚಿತ ವ್ಯವಸ್ಥೆ ಲಿನಕ್ಸ್ ಇದೆ. ಡೌನ್‌ಲೋಡ್ ಮಾಡಿದ ಐಎಸ್‌ಒ ಫೈಲನ್ನು ಸುಮ್ಮನೆ ಕಾಪಿ ಮಾಡಿ ಹಾಕಿದರೆ ಅದು ಏಳುವುದಿಲ್ಲ. ರೂಫಸ್‌ನಂಥ ತಂತ್ರಾಂಶದಿಂದ ಬರೆಯಬೇಕು. ಬರೆಯುವಾಗ ಅದರೊಳಗಿದ್ದ ಮದುವೆ ಫೋಟೋಗಳೆಲ್ಲ ಅಳಿಸಿಹೋಗುತ್ತವೆ, ಮೊದಲೇ ತೆಗೆದಿಟ್ಟುಕೊಳ್ಳಿ. ಲ್ಯಾಪ್‌ಟಾಪಿಗೆ ಚುಚ್ಚಿ, ಪವರ್ ಒತ್ತಿದ ಕೂಡಲೇ ಎಫ್12, ಎಫ್9, ಎಸ್ಕೇಪ್ ಹೀಗೆ ಆಯಾ ತಯಾರಕರು ಇಟ್ಟ ಕೀಯನ್ನು ತಟ್ಟುತ್ತಿದ್ದರೆ ಬೂಟ್ ಮೆನು ಬರುತ್ತದೆ. ಅಲ್ಲಿ ಯುಎಸ್‌ಬಿ ಆರಿಸಿದರೆ ಮುಗಿಯಿತು. ಹಾರ್ಡ್ ಡಿಸ್ಕನ್ನು ಮುಟ್ಟದೆ ವ್ಯವಸ್ಥೆ ಬೇಕಾದಾಗ ಬೇಕಾದಷ್ಟೇ ಪೆನ್‌ಡ್ರೈವಿನಿಂದಲೇ ರ‍್ಯಾಮಿಗೆ ಬಂದು ಕೂರುತ್ತದೆ. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯದ ಬಾಡಿಗೆದಾರನ ಹಾಗೆ: ಇರುವಷ್ಟು ಹೊತ್ತು ಇದ್ದು, ಆಫ್ ಮಾಡಿದರೆ ಗುರುತೂ ಉಳಿಸದೆ ಹೋಗುತ್ತದೆ. ಬಾಡಿಗೆ ಮನೆಗಳಲ್ಲೇ ಬಾಳಿದ ನನಗೆ ಈ ಗುಣ ಬಹಳ ಇಷ್ಟ.

ನನಗೆ ಇದರ ರುಚಿ ಹತ್ತಿದ್ದು ತುಮಕೂರಿನಲ್ಲಿ ಓದುವಾಗ. ಆಗ ಉಬುಂಟು ಎಂಬ ಲಿನಕ್ಸಿನವರು ಕೇಳಿದವರಿಗೆಲ್ಲ ಸಿ.ಡಿ.ಯನ್ನು ಅಂಚೆಯಲ್ಲಿ ಬಿಟ್ಟಿಯಾಗಿ ಕಳಿಸುತ್ತಿದ್ದರು, ಅಂಚೆ ಖರ್ಚೂ ಅವರದೇ. ವಿದೇಶದ ಲಕೋಟೆ ಕಂಡ ಅಪ್ಪನಿಗೆ ದಿಗಿಲು. "ಯಾರೂ ಬಿಟ್ಟಿ ಕೊಡಲ್ಲ ಕಣೋ, ಆಮೇಲೆ ಬಿಲ್ ಬರುತ್ತೆ" ಎಂದು ಲಕೋಟೆಯನ್ನು ಜೋಪಾನವಾಗಿ ಎತ್ತಿಟ್ಟಿದ್ದರು. ಬಿಲ್ ಬರಲೇ ಇಲ್ಲ. 2011ರಲ್ಲಿ ಆ ಯೋಜನೆಯೇ ನಿಂತುಹೋಯಿತು. ನನಗಿಂತ ಹಿರಿಯರು ಅದಕ್ಕೂ ಮೊದಲೇ ಲಿನಕ್ಸ್ ಕಂಡಿದ್ದರು. ಬೆಂಗಳೂರಿನ ತಂತ್ರಜ್ಞ ಅತುಲ್ ಚಿಟ್ನಿಸ್ ಅವರ ಒತ್ತಾಸೆಯಿಂದ ಪಿಸಿ ಕ್ವೆಸ್ಟ್ ಪತ್ರಿಕೆ 1996ರಲ್ಲೇ ಸಂಚಿಕೆಯ ಜೊತೆ ಲಿನಕ್ಸ್ ಸಿ.ಡಿ. ಹಂಚಿತ್ತು. ಇಂಟರ್ನೆಟ್ಟಿನಿಂದ ಅಷ್ಟನ್ನು ಇಳಿಸಿಕೊಳ್ಳುವುದು ಕನಸಾಗಿದ್ದ ಕಾಲ ಅದು. ಅದೇ ಚಿಟ್ನಿಸ್ ಮುಂದಾಳತ್ವದಲ್ಲಿ 2001ರಿಂದ 'ಲಿನಕ್ಸ್ ಬೆಂಗಳೂರು' ಸಮ್ಮೇಳನಗಳು ನಡೆದವು. 2013ರಲ್ಲಿ ಅವರು ತೀರಿಕೊಂಡರು.

ಇನ್‌ಸ್ಟಾಲ್ ಮಾಡದೆಯೇ ಓಡಿಸುವ ಪದ್ಧತಿಯನ್ನು ಮನೆಮಾತಾಗಿಸಿದವರು ಜರ್ಮನಿಯ ಕ್ಲೌಸ್ ಕ್ನಾಪರ್. 2000ದಲ್ಲಿ ಬಂದ ಅವರ ಕ್ನಾಪಿಕ್ಸ್ ಎಂಬ ಲಿನಕ್ಸ್, ಹಿಂಡಿ ಮಡಿಚಿ, 700 ಎಂಬಿಯ ಒಂದೇ ಸಿ.ಡಿ.ಯಲ್ಲಿ ಸುಮಾರು 2 ಜಿಬಿಯಷ್ಟನ್ನು ಹೊತ್ತಿತ್ತು. ಅದೇ ವರ್ಷ ಮಾರುಕಟ್ಟೆಗೆ ಬಂದ ಪೆನ್‌ಡ್ರೈವಿನಲ್ಲಿ 8 ಎಂಬಿ ಜಾಗ! ಪೆನ್‌ಡ್ರೈವ್ ಹಿಗ್ಗಿ, ಕಂಪ್ಯೂಟರನ್ನು ಎಬ್ಬಿಸುವ ಬಯಾಸ್‌ಗಳು ಯುಎಸ್‌ಬಿಯಿಂದ ಏಳಲು ಕಲಿತ ಮೇಲೆ ಸಿ.ಡಿ. ಮನೆಮನೆಯ ಕಾಗೆ ಬೆದರಿಸುವ ಕೆಲಸಕ್ಕೆ ಹೋಯಿತು.

ಓನರಮ್ಮನ ಲ್ಯಾಪ್‌ಟಾಪ್‌ಗಳಿಗೆ ಬರುತ್ತೇನೆ. ಮೊದಲನೆಯದು ಪೆನ್‌ಡ್ರೈವಿನಿಂದ ಎದ್ದದ್ದೇ ತಡ, ಹಳೆಯ ಡಿಸ್ಕಿನಲ್ಲಿದ್ದದ್ದೆಲ್ಲ ತೆರೆದುಕೊಂಡಿತು: ಅದನ್ನು ಬಿಟ್ಟುಹೋದ ಹುಡುಗನ ಅಂಕಪಟ್ಟಿ, ಆಧಾರ್, ಅಕ್ಕನ ಮದುವೆ. ವಿಂಡೋಸ್ ಪಾಸ್‌ವರ್ಡ್ ಇತ್ತು ನಿಜ, ಆದರೆ ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡಿರದಿದ್ದರೆ ಆ ಬೀಗ ಲಿನಕ್ಸಿನ ಲೆಕ್ಕಕ್ಕಿಲ್ಲ. ಗುಜರಿಗೆ ಆರುನೂರಕ್ಕೆ ಹೋಗುತ್ತಿದ್ದದ್ದು ಇದೇ. ಓನರಮ್ಮ ಆ ಹುಡುಗನಿಗೆ ಫೋನ್ ಮಾಡಿ ಕೇಳಿದರು. "ಆಂಟಿ, ಫೋಟೋ ಕಳಿಸಿ, ಲ್ಯಾಪ್‌ಟಾಪ್ ನೀವೇ ಇಟ್ಕೊಳ್ಳಿ" ಎಂದನಂತೆ. ಕಳಿಸಿದೆ, ಉಳಿದದ್ದನ್ನು ಅಳಿಸಿದೆ, ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಿಂದ ತಂದ ಎಸ್‌ಎಸ್‌ಡಿ ಕೂರಿಸಿದೆ, ಅದರಲ್ಲಿ ಲಿನಕ್ಸನ್ನು ಕಾಯಂ ಹಾಕಿದೆ. ನಿಜ ಹೇಳಬೇಕೆಂದರೆ ವೇಗದ ಅರ್ಧ ಕೀರ್ತಿ ಎಸ್‌ಎಸ್‌ಡಿಯದು. ಲಿನಕ್ಸ್ ಭಕ್ತರು ಇದನ್ನು ಮುಚ್ಚಿಡುತ್ತಾರೆ. ಈಗ ಓನರಮ್ಮ ಪಿ.ಜಿ.ಯ ಬಾಡಿಗೆ, ಅಡ್ವಾನ್ಸ್, ಗ್ಯಾಸ್ ಲೆಕ್ಕವನ್ನೆಲ್ಲ ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ಕನ್ನಡದಲ್ಲೇ ಬರೆಯುತ್ತಾರೆ. ಮೆನುಗಳೂ ಕನ್ನಡ, ಸ್ವಯಂಸೇವಕರು ವರ್ಷಗಟ್ಟಲೆ ಸಂಬಳವಿಲ್ಲದೆ ಕೂತು ಅನುವಾದಿಸಿದ್ದು.

ಎರಡನೆಯದು ಯಾವುದೋ ಕಂಪನಿ ಹರಾಜು ಹಾಕಿದ್ದು. ಬಯಾಸ್‌ಗೇ ಪಾಸ್‌ವರ್ಡ್ ಹಾಕಿದ್ದರು, ಯುಎಸ್‌ಬಿಯಿಂದ ಏಳಲು ಬಿಡಲೇ ಇಲ್ಲ. ಮೂರನೆಯದು 32 ಬಿಟ್‌ನ ಪುಟ್ಟ ನೆಟ್‌ಬುಕ್. ಲಿನಕ್ಸ್ ಲೋಕವೂ ದಿನಾಂಕ ಹಾಕದೆ ಬಿಟ್ಟಿಲ್ಲ: ಡೆಬಿಯನ್ ಎಂಬ ಲಿನಕ್ಸ್ ಕೂಡ 2025ರ 13ನೇ ಆವೃತ್ತಿಯಿಂದ ಇಂಥವಕ್ಕೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿದೆ. ಹಿಂದಿನ ಆವೃತ್ತಿ ಹಾಕಿ ಏಳಿಸಿದೆ. ಬರವಣಿಗೆಗೆ ಸಾಕು, ಬ್ರೌಸರಿನಲ್ಲಿ ಎರಡನೆಯ ಟ್ಯಾಬ್ ತೆರೆದರೆ ಏದುಸಿರು ಬಿಡುತ್ತದೆ.

ಹೀಗೆ ಎದ್ದ ಹಳೆಯ ಯಂತ್ರಗಳಿಂದ ದೊಡ್ಡ ಕೆಲಸವೂ ಆಗಿದೆ. ಬನ್ನೇರುಘಟ್ಟ ರಸ್ತೆ ಬದಿಯ ಸುದರ್ಶನ ಲೇಔಟ್ ಕೊಳೆಗೇರಿಯಲ್ಲಿ, ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ಜನ ಬಿಟ್ಟುಕೊಟ್ಟ ಹಳೆಯ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಿ ಅಂಬೇಡ್ಕರ್ ಸಮುದಾಯ ಕಂಪ್ಯೂಟಿಂಗ್ ಕೇಂದ್ರ ಕಟ್ಟಿದ್ದರು. ಅಲ್ಲಿನ ಮಕ್ಕಳು ಗಿಂಪ್ ಎಂಬ ಚಿತ್ರ ತಂತ್ರಾಂಶದಲ್ಲಿ ಚಿತ್ರ ಬರೆದರು. ನಮ್ಮ ಒಂದೊಂದು ಅಪಾರ್ಟ್‌ಮೆಂಟಿನ ಕಪಾಟುಗಳಲ್ಲಿ ಅಂಥದೊಂದು ಕೇಂದ್ರಕ್ಕೆ ಸಾಕಾಗುವಷ್ಟು ಲ್ಯಾಪ್‌ಟಾಪ್ ಮಲಗಿವೆ.

ಆದ್ದರಿಂದ, ಗುಜರಿಯವನನ್ನು ಕೂಗುವ ಮುಂಚೆ ಒಂದು ಪೆನ್‌ಡ್ರೈವ್ ಕೊಂಡು ಒಂದು ಸಂಜೆ ಪರೀಕ್ಷಿಸಿ. ವೈಫೈ, ಸೌಂಡ್, ಕೀಬೋರ್ಡ್ ನಡೆಯುತ್ತವೆಯೇ ಎಂದು ಇನ್‌ಸ್ಟಾಲ್ ಮಾಡದೆಯೇ ತಿಳಿಯುತ್ತದೆ. ಬ್ಯಾಟರಿ ಊದಿದ್ದರೆ ಮಾತ್ರ ಆನ್ ಮಾಡಬೇಡಿ, ಪರವಾನಗಿ ಇರುವ ಇ-ತ್ಯಾಜ್ಯದವರಿಗೇ ಕೊಡಿ. ನಿಮ್ಮಿಂದ ಆಗದಿದ್ದರೆ ಕೆಳಗಿನ ಮನೆಯ ಇಂಜಿನಿಯರಿಂಗ್ ಹುಡುಗಿಯನ್ನು ಕೇಳಿ, ಖುಷಿಯಿಂದ ಮಾಡಿಕೊಡುತ್ತಾಳೆ. ಚಾರ್ಜರ್ ಮರೆಯದೆ ಒಯ್ಯಿರಿ.